ಟಿವಿ ಚಿತ್ರ ಸರಿಮಾಡಿಕೊಳ್ಳುವುದು ಹೇಗೆ

ಹೊಸ ಟಿವಿಯ ಚಿತ್ರ ಕಣ್ಣಿಗೆ ಹೊಡೆಯುತ್ತಿದ್ದರೆ ಅದು ಅಂಗಡಿಯ ಝಗಮಗ ಬೆಳಕಿಗಾಗಿ ಇಟ್ಟ ಹೊಳಪು. ಮೊದಲು ಪಿಕ್ಚರ್ ಮೋಡ್‌ನಲ್ಲಿ ವಿವಿಡ್ ಅಥವಾ ಡೈನಾಮಿಕ್ ತೆಗೆದು ಸಿನಿಮಾ, ಮೂವಿ ಇಲ್ಲವೇ ಫಿಲ್ಮ್‌ಮೇಕರ್ ಹಾಕಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಚಿತ್ರ ಹಳದಿಗಟ್ಟಿದೆ ಎಂದು ಮನೆಯವರೆಲ್ಲ ಗೊಣಗುತ್ತಾರೆ, ಗೊಣಗಲಿ. ಸಿನಿಮಾದ ಬಣ್ಣ ಹೊಂದಿಸುವವರು ಬಿಳಿಯನ್ನು, ಬೆಳಕಿನ ಬಣ್ಣದ ಅಳತೆಯಲ್ಲಿ, ಸುಮಾರು 6500 ಕೆಲ್ವಿನ್‌ಗೆ ಇಟ್ಟುಕೊಂಡಿರುತ್ತಾರೆ. ಕಲರ್ ಟೆಂಪರೇಚರ್‌ನಲ್ಲಿ ಅದಕ್ಕೆ ಹತ್ತಿರವಿರುವುದು ವಾರ್ಮ್. ನಾಲ್ಕು ದಿನ ಕಣ್ಣು ಒಗ್ಗಿದ ಮೇಲೆ ಹಳೆಯ ಮೋಡ್ ಹಾಕಿ ನೋಡಿ, ಮುಖಗಳೆಲ್ಲ ನೀಲಿಗಟ್ಟಿರುತ್ತವೆ.

ಉಳಿದದ್ದನ್ನು ರಾತ್ರಿ, ನೀವು ದಿನಾ ನೋಡುವ ಹೊತ್ತಿಗೆ, ಅದೇ ದೀಪ ಹಚ್ಚಿಕೊಂಡು ಮಾಡಿ. ಟಿವಿ ಅರ್ಧ ಗಂಟೆ ಓಡಿರಲಿ. ಎನರ್ಜಿ ಸೇವಿಂಗ್ ಮತ್ತು ಲೈಟ್ ಸೆನ್ಸರ್ ಆಫ್ ಇರಲಿ. ಇಲ್ಲವಾದರೆ ನೀವು ತಿದ್ದಿದ್ದನ್ನು ಅದು ತಾನೇ ಬದಲಿಸುತ್ತಿರುತ್ತದೆ. ಒಟ್ಟು ಬೆಳಕಿಗೆ ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್ ತಿದ್ದಿ. ಬ್ರೈಟ್‌ನೆಸ್ ಅನೇಕ ಟಿವಿಗಳಲ್ಲಿ ಮುಟ್ಟುವುದು ಕಪ್ಪನ್ನು ಮಾತ್ರ. ಕೆಲವದರಲ್ಲಿ ಆ ಕೆಲಸಕ್ಕೆ ಬ್ಲ್ಯಾಕ್ ಲೆವೆಲ್ ಎಂದು ಬೇರೆಯೇ ಇದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಸಿನಿಮಾದಲ್ಲಿ ಕೋರ್ಟಿನ ದೃಶ್ಯ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ವಕೀಲರ ಕರಿಕೋಟು ಒಂದೇ ಮುದ್ದೆಯಾಗುವವರೆಗೆ ಇಳಿಸಿ, ಆಮೇಲೆ ಕಾಲರಿನ ಮಡಿಕೆ, ಗುಂಡಿ ಕಾಣುವವರೆಗೆ ಒಂದೊಂದೇ ಅಂಕಿ ಏರಿಸಿ. ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತೋ, ಹೆಚ್ಚಾಯಿತು ಎಂದರ್ಥ. ಕಾಂಟ್ರಾಸ್ಟ್‌ಗೆ ಟೆಸ್ಟ್ ಪಂದ್ಯದಂಥ ಪರೀಕ್ಷೆ ಬೇರೆ ಇಲ್ಲ. ಆಟಗಾರರ ಬಿಳಿ ಅಂಗಿ ಸುಣ್ಣ ಬಳಿದ ಗೋಡೆಯಂತೆ ಕಂಡರೆ, ಹೊಲಿಗೆ ಮತ್ತು ನೆರಿಗೆ ಕಾಣುವವರೆಗೆ ಇಳಿಸಿ.

ಶಾರ್ಪ್‌ನೆಸ್ ಏರಿಸಿದರೆ ವಿವರವೇನೂ ಹೆಚ್ಚುವುದಿಲ್ಲ, ಅಂಚಿಗೆ ಬಿಳಿ ಗೆರೆ ಬರುತ್ತದೆ ಅಷ್ಟೆ. ಸುದ್ದಿ ಚಾನೆಲ್‌ನ ಅಕ್ಷರಗಳ ಸುತ್ತ ಆ ಗೆರೆ ಹೋಗುವವರೆಗೆ ಇಳಿಸಿ. ಕೆಲವು ಕಂಪನಿಗಳಲ್ಲಿ ಅದು ಸೊನ್ನೆಯ ಹತ್ತಿರ, ಕೆಲವದರಲ್ಲಿ 50ಕ್ಕೆ ನಿಲ್ಲುತ್ತದೆ. ಕೆಳಗೆ ಓಡುವ ಸುದ್ದಿಯ ಸಾಲು ಅರ್ಧ ಕತ್ತರಿಸಿಹೋಗುತ್ತಿದ್ದರೆ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್ ಹಾಕಿ.

ಮೋಷನ್ ಸ್ಮೂದಿಂಗ್ ಸಿನಿಮಾಕ್ಕೆ ಬೇಡವೇ ಬೇಡ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದದ್ದರ ನಡುವೆ ಟಿವಿ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ, ದೊಡ್ಡ ಸಿನಿಮಾವೂ ಧಾರಾವಾಹಿಯ ಹಾಗೆ ಜಾರುತ್ತದೆ. ಕ್ರಿಕೆಟ್‌ಗೆ ಬೇಕೆನಿಸಿದರೆ ಕಡಿಮೆಯಲ್ಲಿಡಿ. ಜಾಸ್ತಿಯಾದರೆ ಬೀಸಿದ ಬ್ಯಾಟಿನ ಅಂಚು ಹರಿದಂತೆ ಕಾಣುತ್ತದೆ.

ಬಹಳಷ್ಟು ಟಿವಿಗಳು ಪ್ರತಿ ಎಚ್‌ಡಿಎಂಐ ಕಿಂಡಿಗೆ, ಆಪ್‌ಗೆ, ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ) ವಿಡಿಯೊಗೆ ಈ ಅಂಕಿಗಳನ್ನು ಬೇರೆ ಬೇರೆ ಇಡುತ್ತವೆ. ಸೆಟ್‌ಟಾಪ್ ಬಾಕ್ಸಿನಲ್ಲಿ ತಿದ್ದಿದ್ದು ಯೂಟ್ಯೂಬ್‌ಗೆ ಹತ್ತಿರಲಿಕ್ಕಿಲ್ಲ, ಅಲ್ಲೂ ನೋಡಿ. ಬಾಕ್ಸಿನಲ್ಲಿ ಮಾತ್ರ ಕಪ್ಪು ಬೂದಿಯಾಗಿದ್ದರೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅನ್ನು ಲೋ, ಹೈ ಎರಡೂ ಹಾಕಿ ಹೋಲಿಸಿ. ಎಲ್ಲ ಆದ ಮೇಲೆ ಮೆನು ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಡಿ, ಮಕ್ಕಳ ಕೈಗೆ ರಿಮೋಟ್ ಸಿಕ್ಕೇ ಸಿಗುತ್ತದೆ.