ದುಂಡುಹುಳುವಿನ ಮೈಟೊಕಾಂಡ್ರಿಯಾ ಜೀನೋಮ್: ಎಡವುವುದು ಎಲ್ಲಿ?

ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ನೆಮಟೋಡ್‌ಗಳನ್ನು, ಅಂದರೆ ದುಂಡುಹುಳುಗಳನ್ನು, ಬಿಡಿಸಿ ಹೇಳಲು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಡಿಎನ್‌ಎ (ಅದರ ಪೂರ್ತಿ ಗುಚ್ಛವೇ ಜೀನೋಮ್) ಬಹಳ ಅನುಕೂಲ. ಆದರೆ ತಂತ್ರಾಂಶ ಕೊಟ್ಟದ್ದನ್ನು ಹಾಗೆಯೇ ನಂಬಿದರೆ ಕೆಲಸ ಕೆಡುತ್ತದೆ.

ಮೊದಲು ಹುಳುವಿನ ಫೋಟೊ, ಅಳತೆ ತೆಗೆದಿಡಿ. ಡಿಎನ್‌ಎಗಾಗಿ ಅರೆದ ಮೇಲೆ ನೋಡಲು ಏನೂ ಉಳಿಯದು. ಮಾದರಿಯನ್ನು ಎಥನಾಲ್‌ನಲ್ಲಿಡಿ, ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ.

ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಆದಮೇಲೆ, ಸಿಕ್ಕ ತುಣುಕುಗಳನ್ನು ಗೆಟ್‌ಆರ್ಗನೆಲ್ ಅಥವಾ ನೋವೋಪ್ಲಾಸ್ಟಿ ಎಂಬ ತಂತ್ರಾಂಶದಿಂದ ಜೋಡಿಸಿ. ಎರಡೂ ತುದಿ ಒಂದರ ಮೇಲೊಂದು ಕೂತರೆ ಡಿಎನ್‌ಎಯ ಉಂಗುರ ಪೂರ್ತಿಯಾಯಿತು. ಕೂರದಿದ್ದರೆ ಬಲವಂತವಾಗಿ ಸೇರಿಸಬೇಡಿ. ಎ ಮತ್ತು ಟಿ ಅಕ್ಷರಗಳು ಹೆಚ್ಚಿರುವ ಭಾಗದಲ್ಲಿ ಪುನರಾವರ್ತನೆಗಳಿದ್ದರೆ ಉದ್ದ ರೀಡ್‌ಗಳೇ (ಒಮ್ಮೆಗೆ ಓದಿದ ತುಣುಕುಗಳೇ) ಬೇಕು. ಆಲೂಗಡ್ಡೆ ಬೇರಿನ ಹುಳುವಾದ ಗ್ಲೋಬೊಡೆರಾ ಪಲ್ಲಿಡಾದಲ್ಲಂತೂ ಜೀನೋಮ್ ಹಲವು ಸಣ್ಣ ಉಂಗುರಗಳಾಗಿ ಹಂಚಿಹೋಗಿದೆ.

ನಿಜವಾದ ಕಷ್ಟ ಜೀನ್‌ಗಳನ್ನು ಗುರುತಿಸುವಾಗ. ಮೂರಕ್ಷರದ ಕೋಡಾನ್ ಯಾವ ಅಮೈನೊ ಆಮ್ಲಕ್ಕೆ ಎಂದು ಹೇಳುವ ಪಟ್ಟಿಯೇ ಜೆನೆಟಿಕ್ ಕೋಡ್. ತಂತ್ರಾಂಶದಲ್ಲಿ ಅದರ 5ನೆಯದು, ಅಂದರೆ ಅಕಶೇರುಕಗಳ ಮೈಟೊಕಾಂಡ್ರಿಯಾದ್ದು, ಆಯ್ಕೆಯಾಗಿದೆಯೇ ಎಂದು ಕಣ್ಣಾರೆ ನೋಡಿ. ಇದರಲ್ಲಿ ಟಿಜಿಎ ಟ್ರಿಪ್ಟೊಫಾನ್, ಎಜಿಎ ಮತ್ತು ಎಜಿಜಿ ಸೆರಿನ್. ಕೋಡ್ 1 (ಸಾಮಾನ್ಯ ಪಟ್ಟಿ) ಇಟ್ಟರೆ ಟಿಜಿಎ, ಕೋಡ್ 2 (ಕಶೇರುಕಗಳದ್ದು) ಇಟ್ಟರೆ ಎಜಿಎ ನಿಲುಗಡೆಯಾಗಿ ಪ್ರೋಟೀನ್ ಅರ್ಧಕ್ಕೇ ತುಂಡಾಗುತ್ತದೆ. ಜೀನಿನ ಶುರುವಿಗೆ ಎಟಿಜಿಯನ್ನೇ ಹುಡುಕುತ್ತ ಕೂರಬೇಡಿ. ಟಿಟಿಜಿ, ಎಟಿಟಿಗಳು ಇಲ್ಲಿ ಸಾಮಾನ್ಯ. ಕೊನೆಯಲ್ಲಿ ಒಂಟಿ ಟಿ ಇದ್ದರೂ ಸರಿಯೇ, ಆರ್‌ಎನ್‌ಎಗೆ ಎ-ಬಾಲ (ಎ ಅಕ್ಷರಗಳ ಸಾಲು) ಸೇರಿದಾಗ ಅದು ಟಿಎಎ ಎಂಬ ನಿಲುಗಡೆ ಆಗುತ್ತದೆ. ಆದ್ದರಿಂದ ಪ್ರತಿ ಜೀನಿನ ಎರಡೂ ಅಂಚನ್ನು ಹತ್ತಿರದ ಪ್ರಭೇದದ ಪ್ರೋಟೀನ್ ಪಕ್ಕದಲ್ಲಿಟ್ಟು ಕೈಯಾರೆ ತಿದ್ದಿ.

ಅಮೈನೊ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಗಳೂ ಕೈಕೊಡುತ್ತವೆ. ಪ್ರಯೋಗಾಲಯದ ಹೆಸರಾಂತ ಹುಳು ಸಿ. ಎಲೆಗನ್ಸ್‌ನ 22ರಲ್ಲಿ 20ಕ್ಕೆ ಟಿ-ತೋಳಿಲ್ಲ, ಸೆರಿನ್‌ನ ಎರಡಕ್ಕೆ ಡಿ-ತೋಳಿಲ್ಲ (ಇವು ಟಿಆರ್‌ಎನ್‌ಎಯ ಮಡಿಕೆಯ ಭಾಗಗಳು). ಮಾಮೂಲು ಸೆಟ್ಟಿಂಗ್‌ನ ಹುಡುಕಾಟಕ್ಕೆ ಇವು ಸಿಗುವುದಿಲ್ಲ. ಮೈಟೊಸ್ ಅಥವಾ ಆರ್ವೆನ್ ತಂತ್ರಾಂಶ ಬಳಸಿ. ಸಿ. ಎಲೆಗನ್ಸ್‌ನ 13,794 ಬೇಸ್‌ಗಳಲ್ಲಿ (ಅಕ್ಷರಗಳಲ್ಲಿ) ಪ್ರೋಟೀನ್ ಜೀನ್ 12, ರೈಬೋಸೋಮಿನ ಆರ್‌ಆರ್‌ಎನ್‌ಎ 2. ಎಟಿಪಿ8 ಎಂಬ ಜೀನ್ ಕಾಣದಿದ್ದರೆ ಗಾಬರಿ ಬೇಡ, ಹೆಚ್ಚಿನ ನೆಮಟೋಡ್‌ಗಳಲ್ಲಿ ಅದಿಲ್ಲ. ಟ್ರೈಕಿನೆಲ್ಲಾದಂಥ ಪರಾವಲಂಬಿ ಹುಳುಗಳಲ್ಲಿ ಮಾತ್ರ ಬಿಡದೆ ಹುಡುಕಿ.

ಪ್ರಭೇದ ಹೇಳಲು ಕಾಕ್ಸ್1 ಎಂಬ ಮೈಟೊಕಾಂಡ್ರಿಯಾ ಜೀನನ್ನು ಹೋಲಿಸಿ. ಶೇಕಡಾವಾರು ಹೋಲಿಕೆಯೊಂದನ್ನೇ ನೋಡದೆ, ಎಷ್ಟು ಉದ್ದಕ್ಕೆ ಹೊಂದಿದೆ ಎಂಬುದನ್ನೂ ಗಮನಿಸಿ. ನಡುವೆ ನಿಲುಗಡೆ ಕೋಡಾನ್ ಕಂಡರೆ, ನ್ಯೂಕ್ಲಿಯಸ್‌ಗೆ ಜಿಗಿದ ನಕಲು ಸಿಕ್ಕಿರಬಹುದು. ಬೇರುಗಂಟು ಹುಳುಗಳಾದ ಮೆಲಾಯ್ಡೊಗೈನ್ ಇನ್ಕಾಗ್ನಿಟಾ, ಜವಾನಿಕಾ, ಅರೆನೇರಿಯಾಗಳ ಮೈಟೊಕಾಂಡ್ರಿಯಾ ಹೆಚ್ಚುಕಡಿಮೆ ಒಂದೇ. ಅಲ್ಲಿ ಕಾಕ್ಸ್1 ಮಾತ್ರ ನೆಚ್ಚಿ ಹೆಸರಿಡಬೇಡಿ.

ವಂಶವೃಕ್ಷವನ್ನು ಅಮೈನೊ ಆಮ್ಲಗಳಿಂದಲೇ ಕಟ್ಟಿ. ಎ-ಟಿ ವಿಪರೀತವಿರುವ ಡಿಎನ್‌ಎಯಲ್ಲಿ, ವೇಗವಾಗಿ ಬದಲಾದ ಪ್ರಭೇದಗಳು ನಂಟಿಲ್ಲದಿದ್ದರೂ ಒಂದೆಡೆ ಅಂಟಿಕೊಳ್ಳುತ್ತವೆ. ಫಲಿತಾಂಶವನ್ನು ನ್ಯೂಕ್ಲಿಯಸ್‌ನ 18ಎಸ್ ಜೀನಿನಿಂದ ಕಟ್ಟಿದ ವೃಕ್ಷದ ಪಕ್ಕ ಇಟ್ಟು ನೋಡಿ; ಎರಡೂ ಒಪ್ಪದ ಕವಲನ್ನು ಹಾಗೆಂದೇ ಬರೆಯಿರಿ.