ಬೋಳು ಟಾಪ್ ಕಾರಿಗೆ ಹಳೇ ಕ್ಯಾರಿಯರ್ ಕೂರಿಸಿದ್ದು

ಸೆಕೆಂಡ್ ಹ್ಯಾಂಡ್ ರೂಫ್ ಕ್ಯಾರಿಯರ್ ನೋಡಲು ಹೋದವರ ಕಣ್ಣು ಮೊದಲು ಸಾಮಾನು ಹೊರುವ ಅಡ್ಡ ಬಾರ್‌ಗಳ ಮೇಲೆ ಬೀಳುತ್ತದೆ. ಬಣ್ಣ ಹೋಗಿದೆಯಾ, ಎಲ್ಲಾದರೂ ಬಾಗಿದೆಯಾ ಅಂತ. ನಾನು ಬಾರ್ ಕಡೆಗೆ ಆಮೇಲೆ ಬಂದೆ. ಮೊದಲು ಕೈಗೆತ್ತಿಕೊಂಡು ತಿರುಗಿಸಿ ನೋಡಿದ್ದು ಬಾರ್ ಹೊತ್ತು ನಿಲ್ಲುವ ಕಾಲುಗಳನ್ನು, ಕಾಲಿಗಿದ್ದ ಕೊಕ್ಕೆಗಳನ್ನು. ಬಾರ್ ಹೆಚ್ಚುಕಮ್ಮಿ ಯಾವ ಕಾರಿಗಾದರೂ ಹೊಂದಿಸಿಕೊಳ್ಳಬಹುದು. ಕೊಕ್ಕೆ ಹಾಗಲ್ಲ.

ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್. ಟಾಪ್ ಪೂರ್ತಿ ಬೋಳು. ಉದ್ದಕ್ಕೆ ರೇಲಿಂಗ್ ಇಲ್ಲ, ಬೋಲ್ಟ್ ಹಾಕಲು ತೂತಿಲ್ಲ, ಹಳೇ ಕಾರುಗಳಲ್ಲಿ ಇರುತ್ತಿದ್ದ ನೀರು ಹರಿಯುವ ಅಂಚೂ ಇಲ್ಲ. ಇಂಥ ಟಾಪ್ ಮೇಲೆ ಕ್ಯಾರಿಯರ್ ನಿಲ್ಲಬೇಕಾದರೆ ರಬ್ಬರ್ ಪ್ಯಾಡ್ ಮೇಲೆ ಕೂರಬೇಕು, ಉಕ್ಕಿನ ಕೊಕ್ಕೆ ಬಾಗಿಲ ಚೌಕಟ್ಟಿನ ಮೇಲಂಚನ್ನು ಹಿಡಿಯಬೇಕು, ಎರಡನ್ನೂ ಬೋಲ್ಟ್ ಬಿಗಿಯಬೇಕು. ಆ ಅಂಚಿನ ತಿರುವು ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಅದಕ್ಕೇ ದೊಡ್ಡ ಕಂಪನಿಗಳು ಕಾಲನ್ನು ಬೇರೆ, ಕೊಕ್ಕೆ ಮತ್ತು ಪ್ಯಾಡ್ ಇರುವ ಕಿಟ್ಟನ್ನು ಬೇರೆ ಮಾರುತ್ತವೆ. ಕಿಟ್‌ಗೆ ನಂಬರ್ ಇರುತ್ತದೆ. ಕಾರಿನ ಮಾಡೆಲ್, ವರ್ಷ, ಎಷ್ಟು ಬಾಗಿಲು ಅಂತ ನೋಡಿದರೆ ಕಂಪನಿಯ ಪಟ್ಟಿಯಲ್ಲಿ ಆ ನಂಬರ್ ಸಿಗುತ್ತದೆ.

ಮಾರಿದವರ ಕಾರು ಬೇರೆ ಮಾಡೆಲ್. ಆದರೂ ಅವರ ಕೊಕ್ಕೆಯನ್ನು ನನ್ನ ಬಾಗಿಲಿನ ಅಂಚಿಗೆ ಹಿಡಿದು ನೋಡಿದೆ. ಮೇಲ್ನೋಟಕ್ಕೆ ಸರಿಯಾಗೇ ಕೂತಿತ್ತು. ಟಾರ್ಚ್ ಬಿಟ್ಟಾಗ ಗೊತ್ತಾಯ್ತು, ತಾಗುತ್ತಿದ್ದದ್ದು ಕೊಕ್ಕೆಯ ತುದಿ ಮಾತ್ರ. ಒಳಗಡೆ ಉಗುರು ತೂರುವಷ್ಟು ಸಂದು. ಹಾಗೇ ಬಿಗಿದಿದ್ದರೆ ಅಂಚಿನ ತಗಡು ಬಾಗುತ್ತಿತ್ತು, ಇಲ್ಲವೇ ಓಡುವಾಗ ಕೊಕ್ಕೆ ಜಾರುತ್ತಿತ್ತು. ಸುತ್ತಿಗೆಯಲ್ಲಿ ಎರಡೇಟು ಹಾಕಿ ಬಗ್ಗಿಸಿಕೊಂಡರಾಯ್ತು ಅನ್ನೋರು ಇದ್ದಾರೆ. ನನಗಂತೂ ಅದು ಒಪ್ಪಿಗೆಯಿಲ್ಲ. ಹಿಂದೆ ಬರುವ ಗಾಡಿಯವರಿಗೆ ನಮ್ಮ ಉಳಿತಾಯದಿಂದ ಏನು ಲಾಭ, ಅಲ್ವಾ? ಬಾರ್ ಮತ್ತು ಕಾಲು ಹಳೇದನ್ನೇ ಕೊಂಡು, ಕಿಟ್ ಮಾತ್ರ ನನ್ನ ಕಾರಿನ ನಂಬರಿನದು ಹೊಸದಾಗಿ ತರಿಸಿದೆ. ಹೊಸ ಪ್ಯಾಡ್‌ಗಳೂ ಅದರ ಜೊತೆಗೇ ಬಂದವು. ಹಳೇ ಪ್ಯಾಡ್ ಬಿಸಿಲಿಗೆ ಒಣಗಿ ಅಂಚಿನಲ್ಲಿ ಬಿರುಕು ಬಿಟ್ಟಿದ್ದವು. ಗಟ್ಟಿಯಾದ ರಬ್ಬರ್ ಹಿಡಿತವನ್ನೂ ಕೊಡಲ್ಲ, ಪೇಂಟನ್ನೂ ಉಳಿಸಲ್ಲ.

ಕಾಲುಗಳ ಬೋಲ್ಟ್ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಬೋಲ್ಟ್ ಉಕ್ಕಿನದು, ಅದು ಕೂರುವ ಜಾಗ ಅಲ್ಯೂಮಿನಿಯಂ. ನೀರು ಸೇರಿದರೆ ಇವೆರಡರ ನಡುವೆ ಬಿಳೀ ಪುಡಿ ಕಟ್ಟಿ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದೇ ದಿಕ್ಕಿಗೆ ಜೋರು ಮಾಡದೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸುತ್ತಾ ಹೊರಗೆ ತಂದೆ. ವೈರ್ ಬ್ರಷ್‌ನಲ್ಲಿ ಬೋಲ್ಟಿನ ಥ್ರೆಡ್ ಉಜ್ಜಿ, ಎಣ್ಣೆ ಪೂರ್ತಿ ಒರೆಸಿದೆ. ಎಣ್ಣೆ ಹತ್ತಿದ ಬೋಲ್ಟ್ ಅದೇ ಟಾರ್ಕ್‌ನಲ್ಲಿ, ಅಂದರೆ ಅಷ್ಟೇ ಬಲದಲ್ಲಿ ತಿರುಗಿಸಿದರೂ, ಇನ್ನೂ ಜಾಸ್ತಿ ಬಿಗಿದುಕೊಳ್ಳುತ್ತದೆ.

ಬಾರ್ ಚೌಕಾಕಾರದ ಉಕ್ಕಿನ ಪೈಪು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಇದರಲ್ಲಿ ತುಕ್ಕು ಒಳಗಿನಿಂದ ಬರುತ್ತದೆ. ತುದಿಯ ಮುಚ್ಚಳ ತೆಗೆದು, ನೆಟ್ಟಗೆ ನಿಲ್ಲಿಸಿ ತಟ್ಟಿದೆ. ಸ್ವಲ್ಪ ಕೆಂಪು ಪುಡಿ ಉದುರಿತು, ಅಷ್ಟೇ. ಚಕ್ಕೆ ಚಕ್ಕೆಯಾಗಿ ಬಿದ್ದಿದ್ದರೆ ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಕೂರಿಸುವ ಮೊದಲು ಟಾಪ್ ತೊಳೆದು ಒಣಗಿಸಿದೆ. ಪ್ಯಾಡ್ ಅಡಿಯಲ್ಲಿ ಧೂಳು ಉಳಿದರೆ ಅದೇ ಮರಳುಕಾಗದ. ಮುಂದಿನ ಬಾರ್ ಗಾಜಿನಿಂದ ಎಷ್ಟು ದೂರ, ಎರಡು ಬಾರ್ ನಡುವೆ ಎಷ್ಟು ಅಂತ ಕಿಟ್‌ನ ಹಾಳೆಯಲ್ಲಿ ಇತ್ತು. ಪೇಪರ್ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ಟಾಪ್ ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ. ಹಾಗಾಗಿ ಹಿಂದಿನ ಬಾರ್‌ನಲ್ಲಿ ಕಾಲುಗಳು ಇನ್ನೂ ಹತ್ತಿರ ಬರಬೇಕು. ಎರಡೂ ಬದಿಯಲ್ಲಿ ಬಾರ್ ಸಮನಾಗಿ ಹೊರಗೆ ಬಂದಿದೆಯಾ ಅಂತ ಅಳತೆ ಟೇಪು ಹಿಡಿದೇ ನೋಡಬೇಕು, ಕಣ್ಣಳತೆ ಸಾಲದು.

ಒಂದು ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿಗೆ ಹೋದರೆ ಬಾರ್ ಮೊದಲ ಬದಿಗೆ ಎಳೆದುಕೊಳ್ಳುತ್ತದೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಹೀಗೇ ಹೋಗಬೇಕು. ನನ್ನ ಕಿಟ್‌ನಲ್ಲಿ ಬರೆದಿದ್ದ ಟಾರ್ಕ್ 6 ನ್ಯೂಟನ್ ಮೀಟರ್. ಚಿಕ್ಕ ಕಾರಿನ ಚಕ್ರದ ನಟ್‌ಗೆ 100ರ ಆಸುಪಾಸು ಬೇಕು ಅಂದರೆ ಇದು ಎಷ್ಟು ಕಡಿಮೆ ಅಂತ ಅಂದಾಜಾದೀತು. ಗಿಡ್ಡ ಅಲೆನ್ ಕೀಯನ್ನು ಎರಡು ಬೆರಳಲ್ಲಿ ಒತ್ತಿದರೆ ಸಾಕಾಗುವಷ್ಟು. ಆದರೂ ಚಿಕ್ಕ ಟಾರ್ಕ್ ರೆಂಚ್‌ನಲ್ಲೇ ಮುಗಿಸಿದೆ.

ಆಮೇಲೆ ಬಾಗಿಲು. ಕೊಕ್ಕೆ ಇರುವ ಕಡೆ ಬೀಡಿಂಗ್, ಅಂದರೆ ಬಾಗಿಲಿನ ಸುತ್ತಲ ರಬ್ಬರ್ ಪಟ್ಟಿ, ಸರಿಯಾಗಿ ಒತ್ತಿಕೊಳ್ಳದೆ ಹೋದರೆ ಮಳೆಯಲ್ಲಿ ಸೀಟು ನೆನೆಯುತ್ತದೆ. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದು ನೋಡಿದೆ. ಎಲ್ಲ ಕಡೆ ಬಿಗಿಯಾಗಿ ಬಂತು, ಒಂದು ಕಡೆ ಸುಮ್ನೆ ಜಾರಿ ಬಂತು. ಅಲ್ಲಿ ಕೊಕ್ಕೆಯ ಅಡಿ ಬೀಡಿಂಗ್ ಮಡಚಿಕೊಂಡಿತ್ತು. ಸಡಿಲಿಸಿ, ನೇರ ಮಾಡಿ, ಮತ್ತೆ ಬಿಗಿದು, ಪೈಪಿನಿಂದ ನೀರು ಬಿಟ್ಟು ಖಾತ್ರಿ ಮಾಡಿಕೊಂಡೆ.

ಸ್ವಲ್ಪ ದೂರ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ನೋಡಲೇಬೇಕು. ಹೊಸ ಪ್ಯಾಡ್ ಅಮುಕಿಕೊಂಡು ಕೂರುತ್ತದೆ, ಬಿಗಿ ಇಳಿಯುತ್ತದೆ. ನನ್ನದೂ ಎಲ್ಲ ಕಡೆ ಒಂಚೂರು ತಿರುಗಿತು.

ಚೌಕ ಬಾರ್‌ನ ಕಾಟ ಅಂದರೆ ಸದ್ದು. ವೇಗ ಏರಿದರೆ ತಲೆ ಮೇಲೆ ಒಂದೇ ಸಮ ಗುಂಯ್. ಬಾರ್ ದಾಟಿದ ಗಾಳಿ ಮೇಲೊಂದು ಕೆಳಗೊಂದು ಸುಳಿಯಾಗಿ, ಒಂದೇ ಲಯದಲ್ಲಿ ಬಿಡಿಸಿಕೊಳ್ಳುವುದರಿಂದ ಈ ಸದ್ದು. ಮುಂದಿನ ಬಾರ್‌ಗೆ ತೆಳು ನೈಲಾನ್ ಹಗ್ಗವನ್ನು ದೂರ ದೂರ ಸುರುಳಿಯಾಗಿ ಸುತ್ತಿದೆ. ಬಾರ್‌ನ ಉದ್ದಕ್ಕೂ ಸುಳಿಗಳು ಒಟ್ಟಿಗೆ ಏಳಲಾಗದೆ ಲಯ ಮುರಿಯುತ್ತದೆ. ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಮಾತು ಕೇಳಿಸುವಷ್ಟಾಯ್ತು. ಸಾಮಾನು ಕಟ್ಟುವ ಪಟ್ಟಿಗೂ ಇದೇ ಉಪಾಯ. ಗಾಳಿಗೆ ಸಿಗುವ ಕಡೆ ಒಂದು ತಿರುಚು ಕೊಟ್ಟು ಕಟ್ಟಿದರೆ ಪಟಪಟ ಅನ್ನಲ್ಲ.

ಭಾರದ ಲೆಕ್ಕ ಕಾರಿನ ಪುಸ್ತಕದಲ್ಲಿದೆ. ನನ್ನದಕ್ಕೆ ಟಾಪ್ ಮೇಲೆ 50 ಕೆ.ಜಿ. ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರಿತು. ತೂಗಿದೆ, 5 ಕೆ.ಜಿ. ಬಂತು. ಉಳಿದದ್ದು 45. ಬಾರ್ ಮೇಲೆ 75 ಕೆ.ಜಿ. ಅಂತ ಅಚ್ಚಾಗಿದೆ, ಆದರೆ ಅದು ಬಾರ್‌ನ ತಾಕತ್ತು, ಟಾಪ್‌ನದಲ್ಲ. ಎರಡರಲ್ಲಿ ಕಡಿಮೆ ಯಾವುದೋ ಅದೇ ಮಿತಿ. ಅಷ್ಟು ಭಾರ ಮೇಲಿದ್ದರೂ ತಿರುವಿನಲ್ಲಿ ಚಿಕ್ಕ ಕಾರು ವಾಲುವುದು ಗೊತ್ತಾಗುತ್ತದೆ. ಉದ್ದದ ಸಾಮಾನು ಹಿಂದಕ್ಕೆ ಚಾಚಿದ್ದರೆ ಡಿಕ್ಕಿಯ ಬಾಗಿಲು ಮೇಲೇಳಲ್ಲ, ಬೇಕಾದ್ದನ್ನು ಮೊದಲೇ ಸೀಟಿನ ಮೇಲೆ ಇಟ್ಟುಕೊಳ್ಳಬೇಕು.

ಕೆಲಸವಿಲ್ಲದಾಗ ಕ್ಯಾರಿಯರ್ ಬಿಚ್ಚಿಡುತ್ತೇನೆ. ಖಾಲಿ ಬಾರ್ ಕೂಡ ಗಾಳಿ ಹಿಡಿದು ಪೆಟ್ರೋಲ್ ಕುಡಿಯುತ್ತದೆ. ಪ್ರತಿ ಕಾಲಿನ ಒಳಗೆ ಮುಂದೆ-ಎಡ, ಹಿಂದೆ-ಬಲ ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಅಳತೆಗಳೂ ಬಾರ್‌ನ ಅಡಿಯಲ್ಲೇ ಇವೆ, ಕಿಟ್‌ನ ಹಾಳೆ ಕಳೆದರೂ ಪರವಾಗಿಲ್ಲ.