ಹಂಡೆ ಮೇಲಿನ ಬುಟ್ಟಿ, ಕೆಂಡದಡಿಯ ಬ್ರೆಡ್

ಆಲೂಗಡ್ಡೆ ಬೇಯಿಸುವುದನ್ನು ಹಳೇ ಕಾಲದ ಐರ್ಲೆಂಡಿನ ಹಳ್ಳಿ ಹೆಂಗಸರಿಂದ ಕಲಿಯಬೇಕು. 1845ರಲ್ಲಿ ಬೆಳೆಗೆ ರೋಗ ತಗುಲಿ ಭೀಕರ ಬರಗಾಲ ಬರುವ ಮುಂಚೆ ಅಲ್ಲಿನ ಕೂಲಿಯವರ ಮನೆಯಲ್ಲಿ ಹೊತ್ತು ಹೊತ್ತಿಗೂ ಅದೇ ಊಟ. ದುಡಿಯುವ ಗಂಡಾಳು ದಿನಕ್ಕೆ 5-6 ಕಿಲೋ ತಿನ್ನುತ್ತಿದ್ದ! ನಂಚಿಕೊಳ್ಳಲು ಉಪ್ಪು, ಕುಡಿಯಲು ಮಜ್ಜಿಗೆ, ಸಿಕ್ಕರೆ ಒಂದು ಚೂರು ಹೆರಿಂಗ್ ಮೀನು. ಸಾಕಿದ ಹಂದಿಯನ್ನು ಮಾರಿ ಗೇಣಿ ಕಟ್ಟಬೇಕಿತ್ತು.

ಅವರು ಗಡ್ಡೆಯ ಸಿಪ್ಪೆ ತೆಗೆಯುತ್ತಿರಲಿಲ್ಲ. ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ಇಡಿಯಾಗಿ ಬೇಯಿಸಿ, ಹೆಣೆದ ಬುಟ್ಟಿಗೆ ಸುರಿದು ನೀರು ಬಸಿಯುತ್ತಿದ್ದರು. ಆ ಬುಟ್ಟಿಯನ್ನು ಹಂಡೆಯ ಬಾಯಿ ಮೇಲಿಟ್ಟರೆ ಅದೇ ಊಟದ ಮೇಜು. ಮನೆಮಂದಿಯೆಲ್ಲ ಸುತ್ತ ಕೂತು, ಬಿಸಿ ಗಡ್ಡೆಯನ್ನು ಉಗುರಲ್ಲೇ ಸುಲಿದು ತಿನ್ನುತ್ತಿದ್ದರು. ನೀವೂ ಸಿಪ್ಪೆ ಸಮೇತ ಬೇಯಿಸಿ. ನೀರು ಬಸಿದ ಮೇಲೆ ಪಾತ್ರೆಯನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ. ಪಸೆ ಆರಿ ಗಡ್ಡೆ ಹುಡಿಹುಡಿಯಾಗುತ್ತದೆ, ರುಚಿಯೂ ಜಾಸ್ತಿ.

ಸೋಡಾ ಬ್ರೆಡ್ ಬಂದಿದ್ದು 19ನೇ ಶತಮಾನದಲ್ಲಿ. ಅಲ್ಲಿನ ಮೆದು ಗೋಧಿಗೆ ಯೀಸ್ಟ್‌ಗಿಂತ ಸೋಡಾ ಚೆನ್ನಾಗಿ ಒಗ್ಗುತ್ತಿತ್ತು. 450 ಗ್ರಾಂ ಮೈದಾಗೆ ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು, ಸುಮಾರು 350 ಎಂ.ಎಲ್. ಮಜ್ಜಿಗೆ ಸಾಕು. ಊಟಕ್ಕೆ ಕಲಸಿಕೊಳ್ಳುವ ನೀರು ಮಜ್ಜಿಗೆ ಬೇಡ. ಹುಳಿ ಬಂದ, ಗಟ್ಟಿ ಮಜ್ಜಿಗೆಯೇ ಬೇಕು. ಹುಳಿ ಇಲ್ಲದಿದ್ದರೆ ಸೋಡಾ ಕೆಲಸ ಮಾಡುವುದಿಲ್ಲ, ಅಲ್ವಾ? ಚಪಾತಿ ಹಿಟ್ಟಿನ ಹಾಗೆ ನಾದಲೇಬೇಡಿ, ಬ್ರೆಡ್ ಕಲ್ಲಾಗುತ್ತದೆ. ಕೈಯಲ್ಲಿ ಸುಮ್ನೆ ಕೂಡಿಸಿ, ದುಂಡಗೆ ತಟ್ಟಿ, ಮೇಲೆ ಶಿಲುಬೆಯಾಕಾರದಲ್ಲಿ ಆಳವಾಗಿ ಕೊಯ್ಯಿರಿ. ಅವರಿಗೆ ಅದು ದೇವರ ಆಶೀರ್ವಾದ. ಅದರಿಂದ ನಡುಭಾಗವೂ ಚೆನ್ನಾಗಿ ಬೇಯುತ್ತದೆ. ಕಲಸಿದ ಹಿಟ್ಟನ್ನು ಹಾಗೇ ಬಿಡಬೇಡಿ, ಕೂಡಲೇ 200 ಡಿಗ್ರಿ ಓವನ್ನಿಗೆ ಇಡಿ. ಮುಕ್ಕಾಲು ಗಂಟೆ ಬೇಕಾಗಬಹುದು. ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆಯಿತು. ಅವರ ಹತ್ತಿರ ಓವನ್ ಎಲ್ಲಿತ್ತು? ದಪ್ಪ ಕಬ್ಬಿಣದ ಪಾತ್ರೆಯನ್ನು ಬೆಂಕಿಗಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು.

ಮಜ್ಜಿಗೆ ಬರುತ್ತಿದ್ದದ್ದು ಬೆಣ್ಣೆ ಕಡೆದಾಗ. ಕಡೆಯುವ ಹೊತ್ತಿಗೆ ಯಾರೇ ಮನೆಗೆ ಬಂದರೂ ಕಡೆಗೋಲು ಹಿಡಿದು ಒಂದಿಷ್ಟು ಕಡೆಯಲೇಬೇಕು. ಹಾಗೇ ಹೊರಟುಹೋದರೆ ಮನೆಯ ಬೆಣ್ಣೆಯೂ ಅವರ ಹಿಂದೆ ಹೋಗುತ್ತದೆ ಅನ್ನುವ ಭಯವಿತ್ತು. ನನಗೆ ಈ ಪದ್ಧತಿ ತುಂಬಾ ಇಷ್ಟ, ಬಂದವರೂ ಕೈ ಜೋಡಿಸಿದರೆ ಕೆಲಸ ಹಗುರ. ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟು ಅವತ್ತೇ ತಿನ್ನಿ. ಉಳಿದರೆ ಮಾರನೇ ದಿನ ಹಂಚಿನ ಮೇಲೆ ಬಿಸಿ ಮಾಡಿ, ಬೆಣ್ಣೆ ಸವರಿ ಕೊಡಿ.